ಒಳಅಂಚಿನ ಸವೆತ

ಒಬ್ಬ ಮನುಷ್ಯನು ಹೇಗೆ ನಡೆಯುತ್ತಾನೆಂಬುದನ್ನು ಅವನ ಬಾಯಿಂದ ಕೇಳುವುದಕ್ಕಿಂತ ಅವನ ಪಾದರಕ್ಷೆಯ ಅಟ್ಟೆಯನ್ನು ತಿರುವಿ ನೋಡುವುದು ಮೇಲು. ಹಿಮ್ಮಡಿಯ ಹೊರಬದಿ ತೇದಿದೆಯೋ, ಹೆಬ್ಬೆರಳಿನ ಕೆಳಗೆ ಕುಳಿ ಬಿದ್ದಿದೆಯೋ, ಎಡಗಾಲಿನದು ಬಲಗಾಲಿನದಕ್ಕಿಂತ ಮೊದಲು ಹರಿದಿದೆಯೋ, ಇವೆಲ್ಲ ಅಲ್ಲಿ ಬರೆದಂತೆ ಇರುತ್ತವೆ. ನಮ್ಮ ಯಳಂದೂರಿನ ಮೇಲಣ ಬಿಳಿಗಿರಿಯಲ್ಲಿ ರಂಗನಾಥಸ್ವಾಮಿಗೆ ದೊಡ್ಡ ಚರ್ಮದ ಪಾದುಕೆಗಳನ್ನು ಒಪ್ಪಿಸುವ ಪದ್ಧತಿಯುಂಟು. ಸ್ವಾಮಿಯು ಅವನ್ನು ಮೆಟ್ಟಿ ಕಾಡಿನಲ್ಲಿ ಸಂಚರಿಸುವುದರಿಂದಲೇ ಅವು ಸವೆಯುತ್ತವೆಂದು ಭಕ್ತರ ನಂಬಿಕೆ. ಸವೆತವನ್ನು ಕಂಡು ಸಂಚಾರವನ್ನು ಊಹಿಸುವ ಈ ಬುದ್ಧಿ ನಮ್ಮ ಜನಕ್ಕೆ ಹೊಸದಲ್ಲ. ಅದೇ ಬುದ್ಧಿಯನ್ನು ಮೋಟಾರಿನ ಚಕ್ರದ ಮೇಲೆ ಪ್ರಯೋಗಿಸುವುದು ಮಾತ್ರ ನಮ್ಮಲ್ಲಿ ಅಷ್ಟಾಗಿ ಬಳಕೆಗೆ ಬಂದಿಲ್ಲ. ಟಯರು ಸವೆಯಿತೇ, ಬೇರೊಂದನ್ನು ಕೊಂಡು ಹಾಕಿದೆವು; ಅಲ್ಲಿಗೆ ವಿಚಾರ ಮುಗಿಯಿತು. ಹಾಗೆ ಮುಗಿಯಲಾರದ ಒಂದು ಸಂದರ್ಭವು ನಮ್ಮ ಮನೆಯಲ್ಲಿಯೇ ಒದಗಿದ ಕಾರಣ, ವಾಚಕರ ಮುಂದೆ ಈ ವಿಷಯವನ್ನಿಡಲು ಧೈರ್ಯ ಮಾಡಿದ್ದೇನೆ.

ನಮ್ಮದು ಹಲವು ದಾರಿಗಳು ಕೂಡುವ ಸೀಮೆ. ಯಳಂದೂರು ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಂದ ಊರು, ಮೈಸೂರಿಗೆ ಸೇರಿದ್ದು. ಅದರ ಮಗ್ಗುಲಲ್ಲೇ ಇರುವ ಕೊಳ್ಳೇಗಾಲವಾದರೋ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳು ಪುನರ್ವಿಂಗಡಣೆಯಾಗಿ ಆರೇಳು ದಶಕಗಳು ಕಳೆದರೂ ಕೊಯಮತ್ತೂರಿನ ಕಡೆಗೆ ನಮ್ಮವರ ಕಾಲು ಇನ್ನೂ ಎಳೆಯುತ್ತದೆ. ನನ್ನ ಸೋದರಳಿಯನೂ ಓದು ಮುಗಿಸಿ ಆ ಊರಿಗೇ ಉದ್ಯೋಗಕ್ಕೆ ಹೋದನು. ಆ ಊರಿನ ಬಳಿ 2003ರಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಎಂಬ ಪಂದ್ಯದ ಹಾದಿ ತೆರೆದು, ಅಲ್ಲಿಯ ತರುಣರಿಗೆ ವೇಗವೆಂಬುದು ಸಂಗೀತದಂತೆ ಸಾಹಿತ್ಯದಂತೆ ಒಂದು ಆರಾಧನೆಯಾಗಿದೆ. ಈತನೂ ಆ ಆರಾಧನೆಗೆ ಒಳಗಾಗಿ, ಮುಂಚಕ್ರಗಳೇ ಎಳೆಯುವ, ಇನ್ನೂರಕ್ಕೂ ಮೀರಿದ ಅಶ್ವಶಕ್ತಿಯ ಒಂದು ಕಾರನ್ನು ಕೊಂಡನು. ಅದನ್ನು ಮಾಡಿದವರ ಹೆಸರು ಇಲ್ಲಿ ಬೇಡ. ಮುಂದೆ ಹೇಳುವ ದೋಷದಲ್ಲಿ ಅವರ ಪಾಲು ಏನೂ ಇಲ್ಲ. ಕೊಂಡ ಕಾರು ನೆಲಕ್ಕೆ ಇನ್ನಷ್ಟು ತಗ್ಗಿ ನಿಂತರೆ ತಿರುವುಗಳಲ್ಲಿ ಚೆನ್ನಾಗಿ ಹಿಡಿಯುವುದೆಂದು ಯಾರೋ ಹೇಳಿದರಂತೆ. ಮೂಲದ ಸ್ಪ್ರಿಂಗುಗಳನ್ನು ಕಳಚಿ, ಗಿಡ್ಡನೆಯ ಸ್ಪ್ರಿಂಗುಗಳನ್ನು ಹಾಕಿಸಿದನು. ಕಾರು ಸುಮಾರು ಒಂದೂವರೆ ಅಂಗುಲ ತಗ್ಗಿತು. ಬೇಟೆಗೆ ಹೊಂಚುವ ಚಿರತೆಯಂತೆ ಕಾಣುತ್ತದೆಂದು ಅವನಿಗೆ ಹರ್ಷ. ನನ್ನ ತಂಗಿಗೆ ಮಾತ್ರ, ಹತ್ತಿ ಇಳಿಯುವಾಗ ಮಂಡಿ ನೋಯುತ್ತದೆಂಬ ದೂರು.

ಸ್ಪ್ರಿಂಗು ಬದಲಿಸಿ 14,000 ಕಿಲೋಮೀಟರು ಓಡುವಷ್ಟರಲ್ಲಿ ಕಾರು ಎಡಕ್ಕೆ ಎಳೆಯತೊಡಗಿತು. ಗಂಟೆಗೆ ಅರವತ್ತು ಕಿಲೋಮೀಟರು ದಾಟಿದರೆ ಮುಂಭಾಗದಿಂದ ದುಂಬಿಯ ಝೇಂಕಾರದಂತಹ ಸದ್ದು. ಅಳಿಯನು ನಿಂತು ಬಗ್ಗಿ ನೋಡಿದರೆ ಟಯರಿನ ಮುಖದಲ್ಲಿ ಗೆರೆಗಳೆಲ್ಲ ಆಳವಾಗಿ ಸೊಗಸಾಗಿಯೇ ಕಾಣುತ್ತಿದ್ದವು. ಒಂದು ಕಾರ್ಖಾನೆಯಲ್ಲಿ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದನು. ಎಲ್ಲ ಅಂಕಿಗಳೂ ಹಸುರು ಬಣ್ಣದಲ್ಲಿ ಅಚ್ಚಾದ ಒಂದು ಕಾಗದವನ್ನು ಅವರು ಕೊಟ್ಟರು. ಹದಿನೈದು ದಿನಗಳಲ್ಲಿ ಕಾರು ಮತ್ತೆ ಎಡಕ್ಕೆ ಎಳೆಯಿತು.

ಅದೇ ಕಾರ್ತಿಕ ಮಾಸದಲ್ಲಿ ಅವನು ತಾಯಿಯನ್ನು ಮಾದೇಶ್ವರನ ಬೆಟ್ಟಕ್ಕೆ ಕರೆದೊಯ್ಯಲು ಹೊರಟನು. ನಾನೂ ಜೊತೆಗಿದ್ದೆ. ಸಣ್ಣ ಮಳೆ ಹಿಡಿದಿತ್ತು. ಹನೂರು ಸೇರುವಷ್ಟರಲ್ಲಿ ಎಡಗಡೆಯ ಮುಂಚಕ್ರದಲ್ಲಿ ಗಾಳಿ ಇಳಿದದ್ದು ಕಂಡು, ರಸ್ತೆಯ ಬದಿಯ ಪಂಕ್ಚರು ಅಂಗಡಿಯ ಮುಂದೆ ನಿಲ್ಲಿಸಿದೆವು. ಚಕ್ರವನ್ನು ಬಿಚ್ಚಿ ನೆಲದ ಮೇಲೆ ಮಗುಚಿದಾಗ, ಎಂಜಿನ್ನಿನ ಕಡೆಗಿದ್ದ ಒಳಅಂಚು ಮೇಲಕ್ಕೆ ಬಂದಿತು. ಆ ಅಂಚಿನಲ್ಲಿ ರಬ್ಬರೇ ಇರಲಿಲ್ಲ. ಬೋಳಾಗಿ, ಎರಡು ಕಡೆ ಒಳಗಿನ ತಂತಿಗಳು ಮೀಸೆಯಂತೆ ಹೊರಕ್ಕೆ ಚಾಚಿದ್ದವು. ಹೊರಅಂಚಿನಲ್ಲಿ ಇನ್ನೂ 5 ಮಿಲಿಮೀಟರಿನ ಗೆರೆ; ಒಳಅಂಚಿನಲ್ಲಿ ಶೂನ್ಯ. ಅಲ್ಲಿಂದ ಮುಂದೆ ಕೌದಳ್ಳಿ. ಆಮೇಲೆ ತಾಳಬೆಟ್ಟದಿಂದ ಏರುವ ತಿರುವುಗಳು. ಒಂದು ಕಡೆ ಬಂಡೆ, ಮತ್ತೊಂದು ಕಡೆ ಕೊಳ್ಳ. ಮಾದೇಶ್ವರನು ಎಪ್ಪತ್ತೇಳು ಮಲೆಗಳನ್ನು ಹುಲಿಯ ಮೇಲೆ ಕುಳಿತು ಸುತ್ತಿದವನು. ಆತನಿಗೆ ಟಯರಿನ ಚಿಂತೆಯಿಲ್ಲ. ನಮಗುಂಟು. ಆ ದಿನ ನನ್ನ ತಂಗಿ ಅಲ್ಲಿಂದಲೇ ಬೆಟ್ಟದ ಕಡೆಗೆ ಕೈ ಮುಗಿದು, "ಅಣ್ಣ, ಬಸ್ಸಿನಲ್ಲಿ ಹೋಗೋಣ" ಎಂದಳು. ಹಾಗೆಯೇ ಹೋಗಿ ಬಂದೆವು.

ಆದರೆ ಪ್ರಶ್ನೆ ಉಳಿಯಿತು. ಅಳಿಯನ ಮತದಲ್ಲಿ ತಪ್ಪು ಟಯರಿನದು. "ಮಾವ, ಮಾಲೇ ಸರಿಯಿಲ್ಲ. ಇದಕ್ಕಿಂತ ದುಬಾರಿಯದನ್ನು ಹಾಕಿಸಿದರೆ ಸರಿಹೋಗುತ್ತದೆ" ಎಂದನು. ಟಯರಿನ ಅಂಗಡಿಯವರೂ ಸಂತೋಷದಿಂದ ಹಾಗೆಯೇ ಹೇಳಿದರು. ಕೊಳ್ಳೇಗಾಲದಲ್ಲಿ ನನಗೆ ಪರಿಚಿತರಾದ ಒಬ್ಬ ವೃದ್ಧ ಮೇಸ್ತ್ರಿಗಳಿದ್ದಾರೆ. ಅವರ ತಂದೆ ಎತ್ತಿನ ಗಾಡಿಯ ಚಕ್ರಗಳಿಗೆ ಕಬ್ಬಿಣದ ಪಟ್ಟೆ ಹೊಡೆಯುತ್ತಿದ್ದವರು. ಇವರು ಲಾರಿಗಳಿಂದ ಮೊದಲುಮಾಡಿ ಎಲ್ಲ ಬಗೆಯ ಮೋಟಾರುಗಳನ್ನೂ ರಿಪೇರಿ ಮಾಡಿದವರು. ಅವರಲ್ಲಿಗೆ ಎರಡು ಮುಂಟಯರುಗಳನ್ನೂ ಕಾರನ್ನೂ ಕೊಂಡೊಯ್ದೆವು. ಅವರು ಕಾರಿನ ಕಡೆ ನೋಡಲೇ ಇಲ್ಲ. ಟಯರನ್ನು ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿ, ಅದರ ಮುಖದ ಮೇಲೆ ಅಂಗೈಯನ್ನು ಒಳಬದಿಯಿಂದ ಹೊರಬದಿಗೆ ಒಮ್ಮೆ, ಹೊರಬದಿಯಿಂದ ಒಳಬದಿಗೆ ಒಮ್ಮೆ ಎಳೆದರು. "ನೀವೂ ನೋಡಿ ಮೇಷ್ಟ್ರೆ" ಎಂದು ನನ್ನ ಕೈಯನ್ನೂ ಇಡಿಸಿದರು. ಒಳಗಿನಿಂದ ಹೊರಕ್ಕೆ ಹೋಗುವಾಗ ನುಣುಪು. ಹೊರಗಿನಿಂದ ಒಳಕ್ಕೆ ಬರುವಾಗ ಗರಗಸದ ಹಲ್ಲಿನಂತೆ ಅಂಗೈಗೆ ತಡೆ. "ಟಯರು ಸುಳ್ಳು ಹೇಳೋದಿಲ್ಲ ಮೇಷ್ಟ್ರೆ, ನಾವು ಕೇಳೋದಿಲ್ಲ, ಅಷ್ಟೆ" ಎಂದರು.

ಅವರು ಅಂದು ಹೇಳಿಕೊಟ್ಟ ಪಾಠವನ್ನು ನನ್ನ ಮಾತಿನಲ್ಲಿ ಸಂಗ್ರಹಿಸುತ್ತೇನೆ. ಟಯರಿನ ಎರಡು ಅಂಚುಗಳೂ ಸವೆದು ನಡು ಉಳಿದಿದ್ದರೆ ಗಾಳಿ ಕಡಿಮೆಯಿತ್ತೆಂದು ತಿಳಿಯಬೇಕು. ನಡು ಸವೆದು ಅಂಚುಗಳು ಉಳಿದಿದ್ದರೆ ಗಾಳಿ ಹೆಚ್ಚಿತ್ತು. ಸುತ್ತಲೂ ಅಲ್ಲಲ್ಲಿ ಬಟ್ಟಲಿನಂತೆ ಕುಳಿಗಳಿದ್ದರೆ ಆಘಾತವನ್ನು ನುಂಗಬೇಕಾದ ಅಬ್ಸಾರ್ಬರು ಸತ್ತು, ಚಕ್ರವು ಕುಣಿಯುತ್ತ ಓಡಿದೆ. ಒಂದೇ ಅಂಚು ನುಣ್ಣಗೆ ಸವೆದಿದ್ದರೆ ಚಕ್ರವು ಲಂಬವಾಗಿ ನಿಲ್ಲದೆ ಆ ಕಡೆಗೆ ಭಾರ ಹಾಕಿದೆ. ಈ ವಾಲಿಕೆಗೆ ಕ್ಯಾಂಬರ್ ಎಂದು ಹೆಸರು. ಗೆರೆಗಳ ಒಂದು ಬದಿ ಚೂಪಾಗಿ ಗರಗಸದಂತಾಗಿದ್ದರೆ ಚಕ್ರವು ತಾನು ಹೋಗುವ ದಿಕ್ಕಿಗೆ ಮುಖ ಮಾಡದೆ ಓರೆಯಾಗಿ ಓಡಿದೆ. ಇದಕ್ಕೆ ಟೋ ಎಂದು ಹೆಸರು. ಚೂಪು ಹೊರಬದಿಗಿದ್ದರೆ ಎರಡು ಮುಂಚಕ್ರಗಳೂ ಬಾತುಕೋಳಿಯ ಪಾದದಂತೆ ಹೊರಕ್ಕೆ ತಿರುಗಿವೆ; ಒಳಬದಿಗಿದ್ದರೆ ಒಳಕ್ಕೆ ತಿರುಗಿವೆ. ನಮ್ಮ ಟಯರಿನಲ್ಲಿ ಎರಡು ರೋಗಗಳ ಲಕ್ಷಣಗಳೂ ಕೂಡಿದ್ದವು: ಒಳಅಂಚಿನ ಬೋಳು, ಹೊರಮುಖವಾದ ಚೂಪು.

ಮಕ್ಕಳಿಗೆ ಗಣಿತ ಹೇಳಿ ಕಾಲ ಕಳೆದವನಾದ ನನಗೆ, ಅಳೆಯದೆ ಮಾತನ್ನು ನಂಬುವ ಅಭ್ಯಾಸವಿಲ್ಲ. ಮೇಸ್ತ್ರಿಗಳೂ ಅದನ್ನು ಮೆಚ್ಚಿದರು. ನೀರಿನ ನಳಿಗೆಯಿಂದ ಮಟ್ಟ ನೋಡಿದ ಸಿಮೆಂಟಿನ ನೆಲದ ಮೇಲೆ ಕಾರನ್ನು ನಿಲ್ಲಿಸಿ, ಗಾರೆಯವರ ತೂಗುಗುಂಡನ್ನು ಚಕ್ರದ ಪಕ್ಕದಲ್ಲಿ ಇಳಿಬಿಟ್ಟೆವು. 17 ಅಂಗುಲದ, ಎಂದರೆ ಸುಮಾರು 432 ಮಿಲಿಮೀಟರಿನ ಲೋಹದ ಚಕ್ರ ಅದು. ಎಡಚಕ್ರದ ಮೇಲಂಚು ಕೆಳಂಚಿಗಿಂತ 15 ಮಿಲಿಮೀಟರು ಒಳಕ್ಕೆ ವಾಲಿತ್ತು, ಬಲಚಕ್ರದ್ದು 11. ಕೋನದಲ್ಲಿ ಹೇಳುವುದಾದರೆ ಎಡಕ್ಕೆ 2 ಡಿಗ್ರಿ, ಬಲಕ್ಕೆ ಒಂದೂವರೆ. ಆಮೇಲೆ ಕಾರಿನ ಎರಡು ಮಗ್ಗುಲಿಗೂ ಸಮಾಂತರವಾಗಿ ದಾರ ಕಟ್ಟಿದೆವು. ಕೊಳ್ಳೇಗಾಲದಲ್ಲಿ ದಾರಕ್ಕೇನು ಕೊರತೆ? ಹುರಿ ಮಾಡಿದ ರೇಷ್ಮೆ ಎಳೆ ಜಗ್ಗದೆ ಜೋತುಬೀಳದೆ ನೇರವಾಗಿ ನಿಂತಿತು. ದಾರದಿಂದ ಚಕ್ರದ ಮುಂದಂಚಿಗೂ ಹಿಂದಂಚಿಗೂ ಇರುವ ಅಂತರಗಳನ್ನು ಅಳೆದರೆ, ಒಂದೊಂದು ಚಕ್ರವೂ 3 ಮಿಲಿಮೀಟರು ಹೊರಕ್ಕೆ ತಿರುಗಿತ್ತು.

ಮೂರು ಮಿಲಿಮೀಟರೆಂದರೆ ಒಂದು ಜೋಳದ ಕಾಳಿನಷ್ಟು; ಇದರಿಂದ ಟಯರು ಹರಿಯುವುದೇ ಎಂದು ಅಳಿಯನು ನಕ್ಕನು. ಲೆಕ್ಕ ಮಾಡೋಣ. 432ಕ್ಕೆ 3 ಎಂದರೆ ಸಾವಿರಕ್ಕೆ ಸುಮಾರು 7. ಎಂದರೆ ಕಾರು ಒಂದು ಕಿಲೋಮೀಟರು ಮುಂದಕ್ಕೆ ಹೋಗುವಷ್ಟರಲ್ಲಿ ಒಂದೊಂದು ಮುಂಚಕ್ರವೂ 7 ಮೀಟರು ಪಕ್ಕಕ್ಕೆ ಹೋಗಬಯಸುತ್ತದೆ. ಜೊತೆಯ ಚಕ್ರವು ಅದನ್ನು ಬಿಡದೆ ತನ್ನ ಕಡೆಗೆ ಎಳೆಯುತ್ತದೆ. ಆ ಅಡ್ಡಸೆಳೆತವನ್ನೆಲ್ಲ ರಬ್ಬರು ಸ್ವಲ್ಪ ಬಾಗಿ, ಸ್ವಲ್ಪ ಜಾರಿ ಸಹಿಸಬೇಕು. ಕೊಳ್ಳೇಗಾಲದಿಂದ ಹನೂರಿಗೆ ಸುಮಾರು 25 ಕಿಲೋಮೀಟರು. ಅಷ್ಟರಲ್ಲಿ ಅಡ್ಡ ಎಳೆತ 175 ಮೀಟರು. ಹೀಗೆ ದಿನವೂ ಅರ ಹಾಕಿದರೆ ಕಬ್ಬಿಣವೇ ನಿಲ್ಲದು, ರಬ್ಬರಿನ ಪಾಡೇನು? ಬರಿಯ ವಾಲಿಕೆಯಿದ್ದಿದ್ದರೆ ಸವೆತ ನಿಧಾನವಾಗುತ್ತಿತ್ತು. ವಾಲಿಕೆಯು ಭಾರವನ್ನೆಲ್ಲ ಒಳಅಂಚಿಗೆ ತಂದು ಇಟ್ಟಿತು. ಓರೆಯು ಆ ಅಂಚನ್ನೇ ಹಿಡಿದು ಉಜ್ಜಿತು. ಒಬ್ಬನು ಕೈ ಕಟ್ಟಿ ಹಿಡಿದುಕೊಂಡರೆ ಮತ್ತೊಬ್ಬನು ಹೊಡೆದಂತಾಯಿತು.

ಮುಂಚಕ್ರಗಳ ಈ ಸೂಕ್ಷ್ಮ ಬಹಳ ಹಿಂದಿನದು. ತಿರುವಿನಲ್ಲಿ ಒಳಚಕ್ರವು ಚಿಕ್ಕ ವೃತ್ತವನ್ನೂ ಹೊರಚಕ್ರವು ದೊಡ್ಡ ವೃತ್ತವನ್ನೂ ಸುತ್ತಬೇಕಾದ್ದರಿಂದ ಎರಡೂ ಒಂದೇ ಕೋನಕ್ಕೆ ತಿರುಗಬಾರದೆಂಬುದನ್ನು ಮ್ಯೂನಿಕ್ ನಗರದ ಗಾಡಿ ಮಾಡುವ ಲಾಂಕೆನ್‌ಸ್ಪರ್ಗರ್ ಎಂಬಾತನು 1816ರ ಸುಮಾರಿಗೆ ಕಂಡುಹಿಡಿದನು. 1818ರಲ್ಲಿ ಲಂಡನ್ನಿನ ಆಕರ್ಮನ್ ಅದಕ್ಕೆ ಹಕ್ಕುಪತ್ರ ಪಡೆದನು. ಲೋಕದಲ್ಲಿ ನಿಂತದ್ದು ಆಕರ್ಮನ್ನನ ಹೆಸರು. ಅದು ಕುದುರೆಯ ಸಾರೋಟುಗಳಿಗಾಗಿ ಹುಟ್ಟಿದ ಯುಕ್ತಿ. ಗಾಳಿ ತುಂಬಿದ ಟಯರನ್ನು ಡನ್‌ಲಪ್ ಬಳಕೆಗೆ ತಂದದ್ದೇ 1888ರಲ್ಲಿ. ಇಂದಿನ ಮೋಟಾರಿನಲ್ಲಿ ಎರಡು ಚಕ್ರಗಳನ್ನೂ ಬೇಕಾದ ಕೋನಕ್ಕೆ ಎಳೆದು ಹಿಡಿಯುವ ಸರಳುಗಳಿಗೆ ಟೈ ರಾಡ್ ಎಂದು ಹೆಸರು. ಅವುಗಳ ತುದಿಯಲ್ಲಿ ಗುಂಡಿನ ಕೀಲು ಇರುತ್ತದೆ. ಸ್ಪ್ರಿಂಗನ್ನು ಗಿಡ್ಡ ಮಾಡಿದರೆ ಕಾರಿನ ಒಡಲು ಕೆಳಗಿಳಿದು, ಈ ಸರಳುಗಳ ಓರೆ ಬದಲಾಗಿ, ಟೋ ತಾನಾಗಿಯೇ ಕೆಡುತ್ತದೆ. ಚಕ್ರದ ಮೇಲಂಚೂ ಒಳಕ್ಕೆ ವಾಲುತ್ತದೆ. ಸ್ಪ್ರಿಂಗು ಬದಲಿಸಿದ ದಿನ ಯಾರೂ ಕೋನಗಳನ್ನು ನೋಡಿರಲಿಲ್ಲ.

ಹಾಗಾದರೆ ಹಸುರು ಅಂಕಿಗಳ ಕಾಗದವೇಕೆ ಉಪಯೋಗಕ್ಕೆ ಬರಲಿಲ್ಲ? ಇದೇ ಈ ವಿಚಾರದ ಗಂಟು. ಕಾರನ್ನು ನಾಲ್ಕು ಮಾರು ಮುಂದಕ್ಕೂ ಹಿಂದಕ್ಕೂ ಉರುಳಿಸಿ ನಾನು ಮತ್ತೆ ಅಳೆದೆನು. ಎಡಚಕ್ರವು ಈ ಸಾರಿ 3 ಮಿಲಿಮೀಟರಿನ ಬದಲು ಒಂದನ್ನು ತೋರಿಸಿತು. ಮತ್ತೊಮ್ಮೆ ಉರುಳಿಸಿದರೆ ಎರಡು. ಒಂದೇ ಪ್ರಶ್ನೆಗೆ ಮೂರು ಉತ್ತರ ಕೊಡುವ ಹುಡುಗನು ಲೆಕ್ಕ ಮಾಡಿಲ್ಲ, ಊಹಿಸಿದ್ದಾನೆ ಎಂದೇ ಅರ್ಥ. ಮೇಸ್ತ್ರಿಗಳು ಕೂಡಲೇ ಜಾಕಿ ಕೊಟ್ಟು ಚಕ್ರವನ್ನೆತ್ತಿ, ಅದರ ಎಡಬಲ ಅಂಚುಗಳನ್ನು ಎರಡು ಕೈಗಳಿಂದ ಹಿಡಿದು ಅಲುಗಿಸಿದರು. ಲೊಟಕ್ ಎಂದು ಸದ್ದು ಬಂದಿತು: ಟೈ ರಾಡಿನ ತುದಿಯ ಕೀಲು ಸಡಿಲ. ಮೇಲೆ ಕೆಳಗೆ ಹಿಡಿದು ಅಲುಗಿಸಿದರು, ಸದ್ದಿಲ್ಲ, ಬೇರಿಂಗೂ ಕೆಳಗಿನ ಗುಂಡುಕೀಲೂ ಗಟ್ಟಿ. ಆಮೇಲೆ ಲೋಯರ್ ಆರ್ಮ್ ಎನ್ನುವ ಕೆಳತೋಳಿನ ಹಿಂಬದಿಯ ರಬ್ಬರು ಬುಷ್ಷಿಗೆ ಸನ್ನೆಕೋಲು ಹಾಕಿ ಮೀಟಿದರು. ಅದು ಅರ್ಧ ಹರಿದು ಬಾಯಿ ಬಿಟ್ಟಿತು. ಬ್ರೇಕು ಒತ್ತಿದಾಗಲೆಲ್ಲ ಚಕ್ರವು ಹಿಂದಕ್ಕೆ ಸರಿದು ಹೊರಕ್ಕೆ ತಿರುಗುತ್ತಿದ್ದುದು ಇದರಿಂದಲೇ. ನಿಂತ ಕಾರನ್ನು ಅಳೆಯುವ ಯಂತ್ರವು ಓಡುವ ಕಾರಿನ ಈ ಚೇಷ್ಟೆಯನ್ನು ಕಾಣಲಾರದು.

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲಿಯೇ ಕಡೆದ ಬಳೆಗಳ ಸರಪಣಿಯನ್ನು ನೋಡಿದವರಿಗೆ ನೆನಪಿರಬಹುದು: ಬಳೆಯೊಳಗೆ ಬಳೆ ಆಡುವಂತೆ ಮಾಡಿದ್ದಾನೆ ಶಿಲ್ಪಿ, ಸಡಿಲವಾಗಿ ಕಳಚುವಂತೆ ಮಾಡಿಲ್ಲ. ಕೀಲಿನ ಧರ್ಮವೂ ಅಷ್ಟೆ. ಆಡಬೇಕು, ಅಲ್ಲಾಡಬಾರದು. ಅಲ್ಲಾಡುವ ಕೀಲನ್ನು ಹಾಗೆಯೇ ಬಿಟ್ಟು ಕೋನವನ್ನು ಸರಿಪಡಿಸುವುದು, ಗೋಡೆ ಬೀಳುತ್ತಿರುವಾಗ ಚಿತ್ರಪಟವನ್ನು ನೇರ ಮಾಡಿದಂತೆ. ಎಡಗಡೆಯೇ ಹೆಚ್ಚು ಕೆಟ್ಟದ್ದಕ್ಕೂ ಕಾರಣವುಂಟು. ನಮ್ಮಲ್ಲಿ ವಾಹನಗಳು ಎಡಕ್ಕೆ ಹೋಗುವುವು. ಡಾಂಬರು ಮುರಿದ ಅಂಚು, ಹಳ್ಳ, ನೀರು ಕಡಿದ ಕೊರಕಲು, ಎಲ್ಲವೂ ಎಡಚಕ್ರದ ಪಾಲಿಗೆ. ತಗ್ಗಿಸಿದ ಕಾರಿಗೆ ಕುಗ್ಗಲು ಎಡೆ ಕಡಿಮೆ. ಹಳ್ಳದ ಏಟೆಲ್ಲ ನೇರವಾಗಿ ಬುಷ್ಷಿಗೂ ಕೀಲಿಗೂ ತಗಲುತ್ತದೆ.

ಆದುದರಿಂದ ಚಿಕಿತ್ಸೆಗೆ ಒಂದು ಕ್ರಮವಿದೆ. ಅದನ್ನು ಹಿಂದುಮುಂದು ಮಾಡಿದರೆ ಹಣ ವ್ಯರ್ಥ. ಮೊದಲು, ಕಾರು ತಣ್ಣಗಿರುವಾಗ ಗಾಳಿಯನ್ನು ಸರಿಯಾಗಿ ತುಂಬುವುದು. ಎರಡನೆಯದಾಗಿ, ಸಡಿಲವಾದ ಕೀಲು ಬುಷ್ಷುಗಳನ್ನು ಬದಲಿಸುವುದು. ಬುಷ್ಷನ್ನಾದರೂ ಎರಡು ಕಡೆಯೂ ಬದಲಿಸುವುದು ಲೇಸು. ಮೂರನೆಯದಾಗಿ, ಕಾರಿನ ಎತ್ತರವನ್ನು ನಿಶ್ಚಯಿಸುವುದು. ಇಷ್ಟಾದ ಮೇಲೆ ಕೋನಗಳು: ಮೊದಲು ಹಿಂಚಕ್ರಗಳು, ಆಮೇಲೆ ಮುಂಚಕ್ರಗಳ ಕ್ಯಾಂಬರ್, ಎಲ್ಲಕ್ಕೂ ಕೊನೆಯಲ್ಲಿ ಸ್ಟಿಯರಿಂಗನ್ನು ನೇರ ಹಿಡಿದು ಮುಂಚಕ್ರಗಳ ಟೋ. ಕ್ಯಾಂಬರ್ ಬದಲಾದರೆ ಟೋ ಬದಲಾಗುತ್ತದೆ. ಆದ್ದರಿಂದ ಟೋ ಕಡೆಗೆ. ಹೊಸ ಟಯರು ಹಾಕುವುದು ಈ ಸಾಲಿನಲ್ಲಿ ಚಿಕಿತ್ಸೆಯೇ ಅಲ್ಲ; ಅದು ಗುಣವಾದ ಮೇಲಿನ ಪಥ್ಯ.

ಮೂರನೆಯ ಅಂಶದಲ್ಲಿ ಮನೆಯಲ್ಲಿ ವ್ಯಾಜ್ಯವೆದ್ದಿತು. ಕೀಲು ಬುಷ್ಷುಗಳಿಗೆ ಅಳಿಯನು ಒಪ್ಪಿದನು. ಎತ್ತರದ ಮಾತು ಬಂದಾಗ ಮುಖ ಕಪ್ಪಿಟ್ಟಿತು. ಕ್ಯಾಂಬರನ್ನು ಸರಿಪಡಿಸುವ ಬೇರೆ ಬಗೆಯ ಬೋಲ್ಟುಗಳು ದೊರೆಯುತ್ತವೆ, ಅವನ್ನು ಹಾಕಿಸಿ ಕಾರನ್ನು ಹೀಗೆಯೇ ಇರಿಸೋಣವೆಂದನು. ಅವನ ಮಾತು ಅಶಾಸ್ತ್ರೀಯವಲ್ಲ. ಪಂದ್ಯದ ಹಾದಿಯಲ್ಲಿ ಹಾಗೆಯೇ ಮಾಡುತ್ತಾರೆ. ಅಲ್ಲಿ ನೆಲ ಕನ್ನಡಿಯಂತಿರುತ್ತದೆ, ಹಳ್ಳವಿಲ್ಲ, ಎದುರಿಗೆ ದನವಿಲ್ಲ. ತಿರುವಿನಲ್ಲಿ ಕಾರು ಹೊರಕ್ಕೆ ಒರಗುವುದರಿಂದ ಒಳವಾಲಿದ ಚಕ್ರವು ಆಗ ನೇರವಾಗಿ ನೆಲವನ್ನು ಹಿಡಿಯುತ್ತದೆ. ಬಿಳಿಗಿರಿಗೆ ಏರುವ ಹಾದಿಯೂ ತಾಳಬೆಟ್ಟದ ಹಾದಿಯೂ ಅಂತಹುವಲ್ಲ. ನಾನು ಇದನ್ನೆಲ್ಲ ಹೇಳಿದೆ, ಅವನು ಸುಮ್ಮನಿದ್ದನು.

ಆಗ ಮಾತನಾಡಿದವಳು ನನ್ನ ತಂಗಿ. ಯಳಂದೂರಿನಲ್ಲಿ ಬೆಳೆದವಳಾದುದರಿಂದ ಅವಳಿಗೆ ಷಡಕ್ಷರದೇವನ ರಾಜಶೇಖರ ವಿಳಾಸದ ಕಥೆ ಗೊತ್ತು. ತರುಣರು ಬೀದಿಯಲ್ಲಿ ಕುದುರೆಯೋಡಿಸಿ, ಶಂಕರನೆಂಬ ಬಾಲಕನು ಕಾಲ್ತುಳಿತಕ್ಕೆ ಸಿಕ್ಕಿ ಮಡಿದದ್ದು. ತಾಯಿ ತಿರುಕೊಳವಿನಾಚಿ ಶವದ ಮೇಲೆ ಬಿದ್ದು ಅತ್ತದ್ದು. "ಅಪ್ಪಾ, ಅವರೂ ಕೆಟ್ಟ ಹುಡುಗರಲ್ಲ. ಕುದುರೆಯೂ ಜಾತಿಯ ಕುದುರೆಯೇ. ಬೀದಿ ಮಾತ್ರ ಕುದುರೆಯೋಡಿಸುವ ಬೀದಿಯಾಗಿರಲಿಲ್ಲ. ನಿನ್ನ ತಂತಿ ಬಿಟ್ಟ ಚಕ್ರವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹನೂರಿನಲ್ಲಿ ಗಾಳಿ ಇಳಿಯದೆ ಹೋಗಿದ್ದರೆ ಅದು ಎಲ್ಲಿ ಒಡೆಯುತ್ತಿತ್ತು?" ಎಂದಳು. ಇಷ್ಟನ್ನೇ ಹೇಳಿ ಒಳಗೆ ಹೋದಳು. ಅಳಿಯನು ಮರುದಿನ ಕೊಯಮತ್ತೂರಿನ ಮನೆಯ ಅಟ್ಟದಿಂದ ಮೂಲದ ಸ್ಪ್ರಿಂಗುಗಳನ್ನು ತರಿಸಿದನು.

ಮೇಸ್ತ್ರಿಗಳು ಅವನ್ನು ಜೋಡಿಸಿ, ಎರಡು ಕೆಳತೋಳುಗಳ ಬುಷ್ಷುಗಳನ್ನೂ ಎರಡು ಟೈ ರಾಡಿನ ತುದಿಗಳನ್ನೂ ಹೊಸದಾಗಿ ಹಾಕಿದರು. ಮತ್ತೆ ತೂಗುಗುಂಡು ಇಳಿಬಿಟ್ಟಾಗ ಎರಡು ಚಕ್ರಗಳ ವಾಲಿಕೆಯೂ 5 ಮಿಲಿಮೀಟರಿಗೆ ಇಳಿದಿತ್ತು. ಅದು ಮುಕ್ಕಾಲು ಡಿಗ್ರಿಗೂ ಕಡಿಮೆ. ರೇಷ್ಮೆ ಎಳೆಯಿಂದ ಟೋ ಅಳೆದೆವು. ಉರುಳಿಸಿ ಮತ್ತೆ ಅಳೆದೆವು. ಎಷ್ಟು ಸಾರಿ ಕೇಳಿದರೂ ಒಂದೇ ಉತ್ತರ. ಆಮೇಲೆಯೇ ಯಂತ್ರದ ಬಳಿಗೆ ಕಳುಹಿಸಿ, ತಯಾರಕರು ಹೇಳಿದ ಅಂಕಿಗೆ ಕೂರಿಸಿದ್ದಾಯಿತು. ಕೊನೆಗೆ ಎರಡು ಹೊಸ ಟಯರುಗಳು ಬಂದವು.

ಗೃಹಸ್ಥರಾದ ವಾಚಕರಿಗೆ ಒಂದು ವಿಜ್ಞಾಪನೆ. ಟಯರಿನ ಆಳವನ್ನು ಹೊರಗಿನಿಂದ ನೋಡಿ ತೃಪ್ತರಾಗಬೇಡಿರಿ. ತಿಂಗಳಿಗೊಮ್ಮೆ ಸ್ಟಿಯರಿಂಗನ್ನು ಪೂರ್ತಿಯಾಗಿ ಒಂದು ಕಡೆಗೆ ತಿರುಗಿಸಿ ಕಾರನ್ನು ನಿಲ್ಲಿಸಿದರೆ ಒಂದು ಚಕ್ರದ ಒಳಅಂಚೂ, ಮತ್ತೊಂದು ಕಡೆಗೆ ತಿರುಗಿಸಿದರೆ ಇನ್ನೊಂದರದೂ ಕಣ್ಣಿಗೆ ಬೀಳುತ್ತದೆ. ಗೆರೆಯ ತಳದಲ್ಲಿರುವ ಸಣ್ಣ ದಿಂಡುಗಳು 1.6 ಮಿಲಿಮೀಟರಿನ ಗುರುತು. ಒಂದು ಅಂಚಿನಲ್ಲಾದರೂ ಮುಖವು ಅವುಗಳ ಮಟ್ಟಕ್ಕೆ ಇಳಿದಿದ್ದರೆ ಟಯರಿನ ಆಯುಸ್ಸು ತೀರಿತು. ಅಂಗೈ ಎಳೆಯುವ ಮೊದಲು ತಂತಿ ಚಾಚಿದೆಯೇ ಎಂದು ನೋಡಿಕೊಳ್ಳಿರಿ.

ದುರಸ್ತಿಯಾಗಿ 5,000 ಕಿಲೋಮೀಟರು ಓಡಿದ ಮೇಲೆ ಅಳಿಯನು ತಾನಾಗಿಯೇ ಅಳತೆಯ ಕಡ್ಡಿಯನ್ನು ಹಿಡಿದು ಕುಳಿತನು. 8 ಮಿಲಿಮೀಟರಿನ ಹೊಸ ಗೆರೆ ಎಡಟಯರಿನಲ್ಲಿ ಹೊರಕ್ಕೆ 7.1, ನಡುವೆ 7.0, ಒಳಕ್ಕೆ 6.9 ಉಳಿದಿತ್ತು. ಅದನ್ನು ಒಂದು ಪುಸ್ತಕದಲ್ಲಿ ಬರೆದುಕೊಂಡು, "ಅಮ್ಮ, ಬೆಟ್ಟಕ್ಕೆ ಯಾವಾಗ ಹೋಗೋಣ?" ಎಂದು ಕೇಳಿದನು. ಅವಳು ಪಂಚಾಂಗ ತೆಗೆದಳು.